ಮಿತ ಆದಾಯದ ಮನೆಗೆ ಮೊದಲ ವಿಹಾರ

ಬೇಸಗೆಯ ರಜೆ ಸಮೀಪಿಸಿತೆಂದರೆ, ತಿಂಗಳ ಆರಂಭದಲ್ಲಿ ಕೈಸೇರಿದ ಸಂಬಳವು ಮನೆಬಾಡಿಗೆ, ದಿನಸಿ, ಹಾಲು, ಶಾಲೆಯ ಶುಲ್ಕಗಳಲ್ಲಿ ಹಂಚಿಹೋಗಿ ಕೊನೆಯ ವಾರವನ್ನು ಹೇಗೋ ದಾಟಿಸಬೇಕಾಗಿರುವ ಅಸಂಖ್ಯಾತ ಮನೆಗಳಲ್ಲಿಯೂ, ಮಕ್ಕಳು ತಂದೆತಾಯಿಗಳ ಮುಂದೆ ಒಂದು ಪ್ರಶ್ನೆಯನ್ನು ಇಡತೊಡಗುತ್ತಾರೆ: ನಾವು ವಂಡರ್‌ಲಾಗೆ ಹೋಗುವುದು ಯಾವಾಗ? ಬೆಂಗಳೂರಿನ ಬಳಿಯ ಆ ಆಟಗಳ ಪಾರ್ಕನ್ನು ಕುರಿತ ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡೇ ಉತ್ತರಗಳು ಪ್ರಚಲಿತವಾಗಿವೆ. ಒಂದು, ‘ಬರುವ ವರ್ಷ ನೋಡೋಣ’ ಎಂದು ಪ್ರತಿವರ್ಷವೂ ಹೇಳುತ್ತ, ಮಕ್ಕಳು ಬೆಳೆದು ಕೇಳುವುದನ್ನೇ ಬಿಟ್ಟುಬಿಡುವವರೆಗೆ ಮುಂದೂಡುವುದು. ಇನ್ನೊಂದು, ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ದೊರೆಯುವ ಸಾಲವನ್ನೋ ನೆಂಟರ ಕೈಗಡವನ್ನೋ ನೆಚ್ಚಿಕೊಂಡು ಹೊರಟು, ಒಂದು ದಿನದ ಸಂತೋಷಕ್ಕಾಗಿ ಹಲವು ತಿಂಗಳ ಚಿಂತೆಯನ್ನು ತಲೆಗೆ ಕಟ್ಟಿಕೊಳ್ಳುವುದು. ಇವೆರಡನ್ನೂ ಬಿಟ್ಟು ಮೂರನೆಯ ದಾರಿಯೊಂದುಂಟು; ಅದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಮಕ್ಕಳನ್ನೂ ಸೇರಿಸಿಕೊಂಡು, ಇಡೀ ದಿನದ ಖರ್ಚನ್ನು ಮುಂಚಿತವಾಗಿ ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕಂತೆ ಹಣ ಕೂಡಿಸಿ ಹೊರಡುವ ದಾರಿ. ಅದೇ ಉಚಿತವಾದದ್ದೆಂದೂ, ಅದರಿಂದ ಸಂತೋಷವು ಕುಗ್ಗುವ ಬದಲು ವೃದ್ಧಿಯಾಗುವುದೆಂದೂ ನಾನು ದೃಢವಾಗಿ ನಂಬಿದ್ದೇನೆ.

ಮೊದಲಿಗೆ, ಈ ಆಸೆಯನ್ನು ದುಂದುಗಾರಿಕೆಯೆಂದು ಬಗೆಯುವ ಹಿರಿಯರಿಗೆ ಒಂದು ಮಾತು ಹೇಳಬೇಕಾಗಿದೆ. ಊರ ಜಾತ್ರೆಯಲ್ಲಿ ತೇರು ಎಳೆದ ಮೇಲೆ ಮಕ್ಕಳನ್ನು ರಾಟೆತೊಟ್ಟಿಲಲ್ಲಿ ಕೂರಿಸಿ ಬೆಂಡು ಬತ್ತಾಸು ಕೊಡಿಸದ ತಂದೆ ನಮ್ಮ ನಾಡಿನಲ್ಲಿ ಎಂದೂ ವಿರಳವೇ. ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹಳ್ಳಿಗಳಿಂದ ಬಂದ ಸಂಸಾರಗಳು ಅಲ್ಲಿನ ಆಟಗಳಿಗೆ ತೆತ್ತ ಹಣವನ್ನು ವ್ಯರ್ಥವೆಂದು ಎಣಿಸಿದವರಲ್ಲ. ಹೊರನಾಡುಗಳಲ್ಲಿಯೂ ಈ ಆಸೆ ಹಳೆಯದೇ: ಕೋಪನ್‌ಹೇಗನ್ ನಗರದ ಟಿವೋಲಿ ಎಂಬ ಆಟಗಳ ಉದ್ಯಾನವು 1843ರಲ್ಲಿಯೇ ಬಾಗಿಲು ತೆರೆಯಿತು. ಹೆಣ್ಣುಮಕ್ಕಳಿಬ್ಬರು ಮರದ ಕುದುರೆಗಳ ಮೇಲೆ ಸುತ್ತುತ್ತಿರುವಾಗ ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕಾದ ತಂದೆಯೊಬ್ಬನು, ದೊಡ್ಡವರೂ ಚಿಕ್ಕವರೂ ಒಟ್ಟಿಗೆ ಆಡಬಲ್ಲ ಸ್ಥಳವೊಂದು ಇರಬಾರದೇಕೆ ಎಂದು ಯೋಚಿಸಿದ್ದರ ಫಲವಾಗಿ 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಉದಯಿಸಿತು. ಆ ತಂದೆ ವಾಲ್ಟ್ ಡಿಸ್ನಿ. ನಮ್ಮ ನೆರೆಯ ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಆರಂಭವಾದ ಸಂಸ್ಥೆಯೇ 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾವನ್ನು ತೆರೆಯಿತು. ಕೂಡಿ ಆಡುವುದೂ ಕೂಡಿ ನಗುವುದೂ ಮನುಷ್ಯನ ಸಹಜವಾದ ಅವಶ್ಯಕತೆಗಳು. ಅವು ಉಳ್ಳವರಿಗೆ ಮಾತ್ರ ಸಲ್ಲತಕ್ಕವೆಂದು ಯಾವ ಧರ್ಮವೂ ವಿಧಿಸಿಲ್ಲ.

ಆದರೆ ಜಾತ್ರೆಗೂ ಪಾರ್ಕಿಗೂ ಹಣದ ವಿಷಯದಲ್ಲಿ ಮೂಲಭೂತವಾದ ಒಂದು ಭೇದವುಂಟು. ಜಾತ್ರೆಯಲ್ಲಿ ಹತ್ತಿದ ಆಟಕ್ಕೆ ಮಾತ್ರ ಹಣ. ಕೈಯಲ್ಲಿದ್ದುದು ಮುಗಿದರೆ ಆಟವೂ ಮುಗಿಯಿತು. ಡಿಸ್ನಿಲ್ಯಾಂಡಿನಲ್ಲಿಯೂ ಬಹುಕಾಲ ಪ್ರವೇಶಕ್ಕೆ ಬೇರೆ, ಆಟಗಳಿಗೆ ಬೇರೆ ಚೀಟಿಗಳಿದ್ದು, 1982ರಲ್ಲಿ ಆ ಪದ್ಧತಿ ಕೊನೆಗೊಂಡಿತು. ಇಂದಿನ ದೊಡ್ಡ ಪಾರ್ಕುಗಳು ಬಾಗಿಲಲ್ಲಿಯೇ ಎಲ್ಲವನ್ನೂ ಒಮ್ಮೆಗೇ ಪಡೆಯುತ್ತವೆ. ಆದುದರಿಂದ ಹತ್ತಿಪ್ಪತ್ತು ಆಟಗಳನ್ನು ಹತ್ತಿಳಿಯುವ ತರುಣನೂ, ಮೊಣಕಾಲು ನೋವಿನಿಂದ ನೆರಳಿನಲ್ಲಿ ಕುಳಿತು ಮೊಮ್ಮಕ್ಕಳ ಚೀಲಗಳನ್ನು ಕಾಯುವ ಅಜ್ಜಿಯೂ ಟಿಕೆಟ್ ಕೊಳ್ಳಲೇಬೇಕು. ಅಜ್ಜಿಗೆ ವಯಸ್ಸಿನ ರಿಯಾಯಿತಿ ದೊರೆತರೂ ಅದು ಹಗುರವಾದ ಮೊತ್ತವಲ್ಲ. ಇದರ ಮೇಲೆ ತೆರಿಗೆಯುಂಟು. 2017ರಲ್ಲಿ ಜಿಎಸ್‌ಟಿ ಬಂದಾಗ ಇಂತಹ ಪಾರ್ಕುಗಳ ಪ್ರವೇಶಕ್ಕೆ ನೂರಕ್ಕೆ 28ರಷ್ಟು ಕರವಿದ್ದುದು, ಮರುವರ್ಷ 18ಕ್ಕೆ ಇಳಿಯಿತು. ಮೂಲಬೆಲೆ ಒಂದು ಸಾವಿರವಾದರೆ ತೆರಿಗೆ 180 ರೂಪಾಯಿ, ನಾಲ್ವರಿಗೆ 720. ಅಷ್ಟು ಹಣದಲ್ಲಿ ಮಗುವೊಂದರ ಒಂದು ಜೊತೆ ಶಾಲಾ ಪಾದರಕ್ಷೆ ಬರುತ್ತದೆಂಬುದನ್ನು ಬಲ್ಲ ತಾಯಿಗೆ ಈ ಅಂಕಿಗಳು ಕ್ಷುಲ್ಲಕವಲ್ಲ. ಆದಕಾರಣ ಜಾಹೀರಾತಿನಲ್ಲಿ ಕಂಡ ಬೆಲೆಯನ್ನು ನಂಬದೆ, ತೆರಿಗೆ ಸೇರಿದ ಮೊತ್ತವನ್ನೇ ಕಾಗದದ ಮೇಲೆ ಮೊದಲು ಬರೆಯತಕ್ಕದ್ದು.

ಟಿಕೆಟ್ಟಿನ ಕೆಳಗೆ ಬರೆಯಬೇಕಾದ ಸಾಲುಗಳು ಇನ್ನೂ ಹಲವುಂಟು. ಮೊದಲ ಸಲ ಹೋಗುವವರ ಲೆಕ್ಕ ತಪ್ಪುವುದು ಈ ಚಿಕ್ಕ ಸಾಲುಗಳಲ್ಲಿಯೇ. ನೀರಿನ ಆಟಗಳಿಗೆ ಸೀರೆ, ಹತ್ತಿಯ ಬಟ್ಟೆಗಳನ್ನು ಉಟ್ಟು ಇಳಿಯಗೊಡುವುದಿಲ್ಲ. ನೈಲಾನಿನಂತಹ ಬೇಗ ಒಣಗುವ ಉಡುಪು ಬೇಕು. ಇದನ್ನು ತಿಳಿಯದೆ ಹೋದವರು ಅಲ್ಲಿಯೇ ಹೆಚ್ಚಿನ ಬೆಲೆಗೆ ಕೊಳ್ಳಬೇಕಾಗುತ್ತದೆ. ತಿಳಿದವರು ಊರಿನ ಸಂತೆಯಲ್ಲಿಯೇ ಕೊಂಡಿರುತ್ತಾರೆ, ಇಲ್ಲವೆ ನೆಂಟರ ಮಕ್ಕಳದನ್ನು ಎರವಲು ತಂದಿರುತ್ತಾರೆ. ಚೀಲ ಮೊಬೈಲುಗಳನ್ನಿಡಲು ಲಾಕರ್ ಬೇಕು; ಅದಕ್ಕೆ ಬಾಡಿಗೆಯುಂಟು. ಮನೆಯ ಬುತ್ತಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮಧ್ಯಾಹ್ನದ ಊಟವೂ ಸಂಜೆಯ ತಿಂಡಿಯೂ ಅಲ್ಲಿಯೇ ಆಗಬೇಕು. ಸರದಿಯಲ್ಲಿ ಕಾಯದೆ ಮುಂದೆ ಹೋಗಗೊಡುವ ಹೆಚ್ಚಿನ ಬೆಲೆಯ ಟಿಕೆಟ್ಟು ಕಣ್ಣಿಗೆ ಆಕರ್ಷಕವಾಗಿ ಕಾಣುತ್ತದೆ. ಮಿತವ್ಯಯದ ಮನೆಗೆ ಅದರ ಅಗತ್ಯವಿಲ್ಲ, ಏಕೆಂದರೆ ಸರಿಯಾದ ದಿನವನ್ನು ಆರಿಸಿಕೊಂಡರೆ ಸರದಿಯೇ ಕಿರಿದಾಗುತ್ತದೆ.

ದಿನಕ್ಕಿಂತಲೂ ಮೊದಲು ವರ್ಷವನ್ನೇ ಆರಿಸಿಕೊಳ್ಳುವುದು ಅಗತ್ಯವೆಂಬುದು ಅನೇಕರಿಗೆ ಹೊಳೆಯುವುದಿಲ್ಲ. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟನ್ನು ನಿರ್ಧರಿಸುವುದು ವಯಸ್ಸಲ್ಲ, ಎತ್ತರ: 85 ಸೆಂಟಿಮೀಟರಿಗಿಂತ ಕಡಮೆಯಿರುವ ಕೂಸಿಗೆ ಪ್ರವೇಶ ಉಚಿತ, ಅಲ್ಲಿಂದ 140ರವರೆಗೆ ಮಕ್ಕಳ ದರ, ಅದರ ಮೇಲೆ ದೊಡ್ಡವರ ದರ. ರಭಸದ ದೊಡ್ಡ ಆಟಗಳಿಗೂ ಅದೇ ಎತ್ತರದ ನಿಬಂಧನೆ. ಅಂತಹ ಆಟದ ಬಾಗಿಲಲ್ಲಿ ಅಳತೆಯ ಪಟ್ಟಿಯ ಮುಂದೆ ನಿಂತ ಹುಡುಗನನ್ನು ಒಮ್ಮೆ ನೋಡಬೇಕು: ಬೆನ್ನನ್ನು ನೆಟ್ಟಗೆ ಮಾಡಿ, ಕತ್ತನ್ನು ನೀಳಿಸಿ, ಯಾರಿಗೂ ತಿಳಿಯದಂತೆ ಹಿಮ್ಮಡಿಯನ್ನು ತುಸುವೇ ಮೇಲೆತ್ತುತ್ತಾನೆ, ಸಿಬ್ಬಂದಿಯ ಕೈ ಅವನ ನೆತ್ತಿಯ ಮೇಲಿಂದ ಪಟ್ಟಿಯ ಗುರುತಿನತ್ತ ಹೋಗಿ ಎರಡು ಬೆರಳಿನಷ್ಟು ಕೆಳಗೇ ನಿಲ್ಲುತ್ತದೆ, ಒಂದು ಗಂಟೆ ಬಿಸಿಲಿನಲ್ಲಿ ಸರದಿ ಕಾದಿದ್ದ ಹುಡುಗ ಅಕ್ಕನನ್ನು ಒಳಗೆ ಬಿಟ್ಟು ಹಿಂದಿರುಗುತ್ತಾನೆ. ಸುರಕ್ಷತೆಗಾಗಿ ಮಾಡಿದ ಈ ನಿಯಮದಲ್ಲಿ ತಪ್ಪಿಲ್ಲ. ಸಿಬ್ಬಂದಿಯೊಡನೆ ವಾದಿಸುವುದು ಸರ್ವಥಾ ಸಲ್ಲದು. ಆದರೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗೀರು ಎಳೆದು ಮುಂಚಿತವಾಗಿಯೇ ಅಳೆದಿದ್ದರೆ, ಇನ್ನೊಂದು ವರ್ಷ ಕಾಯುವುದೇ ಮೇಲೆಂದೋ, ಚಿಕ್ಕ ಮಕ್ಕಳ ಆಟಗಳಿಗೆಂದೇ ಹೋಗುವುದು ಸಾಕೆಂದೋ ನಿಶ್ಚಯಿಸಬಹುದಾಗಿತ್ತು. ಜೀವಮಾನದಲ್ಲಿ ಒಂದೆರಡು ಸಲ ಮಾತ್ರ ಹೋಗಬಲ್ಲ ಕುಟುಂಬಕ್ಕೆ ಈ ವಿವೇಚನೆ ಅತ್ಯಂತ ಮುಖ್ಯವಾದದ್ದು.

ಇನ್ನು ದಿನದ ವಿಚಾರ. ಟಿಕೆಟ್ಟಿನ ದರವು ವಾರದ ದಿನಗಳಲ್ಲಿ ಒಂದು ಬಗೆ, ಶನಿವಾರ ಭಾನುವಾರಗಳಲ್ಲಿ ಮತ್ತೊಂದು ಬಗೆ, ಹಬ್ಬ ಹಾಗೂ ಬೇಸಗೆಯ ರಜೆಯಲ್ಲಿ ಇನ್ನೂ ಒಂದು ಬಗೆಯಾಗಿರುತ್ತದೆ. ಎಲ್ಲರೂ ಹೋಗುವ ದಿನ ಹೋದವನು ಹೆಚ್ಚು ಹಣವನ್ನು ತೆತ್ತು ಕಡಮೆ ಆಟಗಳನ್ನು ಪಡೆಯುತ್ತಾನೆ. ಯಾರೂ ಹೋಗದ ಮಂಗಳವಾರವೋ ಬುಧವಾರವೋ ಹೋದವನು ಕಡಮೆ ತೆತ್ತು ಹೆಚ್ಚು ಪಡೆಯುತ್ತಾನೆ. ಮಕ್ಕಳಿಗೆ ಶಾಲೆ ತಪ್ಪಿಸುವುದು ಅನೇಕರಿಗೆ ಸಮ್ಮತವಾಗಲಾರದು, ಆ ಸಂಕೋಚ ಗೌರವಾರ್ಹವೇ ಸರಿ. ಆದರೆ ಪರೀಕ್ಷೆಗಳು ದೂರವಿರುವ ಕಾಲದಲ್ಲಿ, ಉಪಾಧ್ಯಾಯರಿಗೆ ನಿಜವನ್ನೇ ತಿಳಿಸಿ ಪಡೆದ ಒಂದು ದಿನದ ರಜೆಯಿಂದ ಯಾವ ವಿದ್ಯೆಯೂ ನಷ್ಟವಾಗದು. ಕಾಲೇಜು ವಿದ್ಯಾರ್ಥಿಗಳಿಗೆ ಗುರುತಿನ ಚೀಟಿಯ ಮೇಲೆ ರಿಯಾಯಿತಿ ದೊರೆಯುವುದುಂಟು. ಅಕ್ಕಪಕ್ಕದ ಎರಡು ಮೂರು ಕುಟುಂಬಗಳು ಕೂಡಿ ಹೋಗುವುದಾದರೆ ಗುಂಪಿನ ದರವನ್ನು ವಿಚಾರಿಸುವುದೂ ಒಳ್ಳೆಯದು.

ಪ್ರಯಾಣದಲ್ಲಿ ಉಳಿತಾಯಕ್ಕೆ ಅವಕಾಶ ವಿಶಾಲವಾಗಿದೆ. ವಂಡರ್‌ಲಾ ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿದೆ. ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಸಾಗುವುದರಿಂದ ನಗರದ ದಟ್ಟಣೆಯ ಭಾಗವನ್ನು ಸುಲಭವಾಗಿ ದಾಟಿ, ಅಲ್ಲಿಂದ ಮುಂದಕ್ಕೆ ಬಸ್ಸು ಹಿಡಿಯಬಹುದು. ಮೈಸೂರು, ಮಂಡ್ಯಗಳ ಕಡೆಯಿಂದ ಬರುವವರಿಗೆ ಬಿಡದಿಯಲ್ಲಿಯೂ ಹೆಜ್ಜಾಲದಲ್ಲಿಯೂ ನಿಲ್ಲುವ ಪ್ಯಾಸೆಂಜರ್ ರೈಲುಗಳು ಅತ್ಯಂತ ಅಗ್ಗ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸಿರುವುದರಿಂದ, ತಾಯಿ, ಅಜ್ಜಿ, ಹೆಣ್ಣುಮಕ್ಕಳಿರುವ ಮನೆಯಲ್ಲಿ ಈ ಸಾಲಿನ ಮೊತ್ತ ಅರ್ಧಕ್ಕೂ ಇಳಿಯಬಹುದು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ಹೊಸ ಎಕ್ಸ್‌ಪ್ರೆಸ್‌ವೇ ಬಿಡದಿ ಊರನ್ನು ಬಳಸಿ ಹೋಗುವುದರಿಂದ, ಹತ್ತುವ ಮೊದಲೇ ಬಸ್ಸು ಬಿಡದಿಯೊಳಗೆ ಹೋಗುವುದೇ ಎಂದು ಕಂಡಕ್ಟರನ್ನು ಕೇಳಿಕೊಳ್ಳಬೇಕು. ಪಾರ್ಕಿನ ಬಾಗಿಲು ತೆರೆಯುವುದು ಹನ್ನೊಂದರ ಹೊತ್ತಿಗೆ. ಬೇಗ ಬಂದ ಸಂಸಾರವು ಬಿಡದಿಯ ಸುಪ್ರಸಿದ್ಧ ತಟ್ಟೆ ಇಡ್ಲಿಯನ್ನು ಬೆಣ್ಣೆ ಚಟ್ನಿಗಳೊಡನೆ ಹೊಟ್ಟೆತುಂಬ ತಿಂದು ಒಳಹೊಕ್ಕರೆ, ಮಧ್ಯಾಹ್ನದ ಊಟವನ್ನು ತಡವಾಗಿ ಒಂದೇ ಸಲ ಮುಗಿಸಿ, ನಡುವಿನ ತಿಂಡಿಗಳ ವೆಚ್ಚವನ್ನು ಉಳಿಸಬಹುದು. ದೂರದ ಜಿಲ್ಲೆಯವರು ರಾತ್ರಿಯ ಬಸ್ಸಿನಲ್ಲಿ ಬಂದು ರಾತ್ರಿಯ ಬಸ್ಸಿನಲ್ಲಿಯೇ ಮರಳುವುದಾದರೆ ವಸತಿಗೃಹದ ಬಾಡಿಗೆಯೂ ತಪ್ಪುತ್ತದೆ. ವೃದ್ಧರೂ ಎಳೆಯ ಮಕ್ಕಳೂ ಜೊತೆಯಲ್ಲಿದ್ದರೆ ಮಾತ್ರ ಈ ಉಳಿತಾಯವನ್ನು ಬಯಸಬಾರದು.

ಒಳಗೆ ಹೋದ ಮೇಲೂ ಹೊತ್ತನ್ನು ಹಣದಂತೆಯೇ ಹಂಚಬೇಕು. ನೀರಿನ ಆಟಗಳು ಮಧ್ಯಾಹ್ನದ ಹೊತ್ತಿಗೆ ಆರಂಭವಾಗಿ ಪಾರ್ಕು ಮುಚ್ಚುವುದಕ್ಕೆ ಮುಂಚೆಯೇ ನಿಲ್ಲುವುದರಿಂದ, ಬಾಗಿಲು ತೆರೆದ ಕೂಡಲೆ ಒಣ ಆಟಗಳಲ್ಲಿ ಮಕ್ಕಳು ಬಹುವಾಗಿ ಬಯಸಿದ ಎರಡು ಮೂರನ್ನು ಮುಗಿಸಿಬಿಡಬೇಕು. ಉಡುಪು ಬದಲಿಸುವ ಕೆಲಸ ಒಂದೇ ಬಾರಿ ಆಗುವಂತೆ ನೋಡಿಕೊಳ್ಳಬೇಕು. ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟದಿಂದ ಮಕ್ಕಳನ್ನು ಎಳೆದಾಡುವುದು ಕೊಟ್ಟ ಹಣದ ಮೇಲಿನ ವ್ಯಾಮೋಹವೇ ಹೊರತು ವಿಹಾರವಲ್ಲ. ಅಲೆಯ ಕೊಳದಲ್ಲಿ ಸೈರನ್ನು ಕೂಗಿ, ನಿಶ್ಚಲವಾಗಿದ್ದ ನೀರು ಉಬ್ಬತೊಡಗಿ, ಸಮುದ್ರವನ್ನೇ ಕಾಣದ ಬಯಲುಸೀಮೆಯ ತಾಯಿಯೊಬ್ಬಳು ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಕೇಕೆ ಹಾಕಿ ನಗುವ ಆ ಗಳಿಗೆ ಇನ್ನೆರಡು ಸಲ ಬೇಕೆನ್ನಿಸಿದರೆ, ಉಳಿದ ಹತ್ತು ಆಟಗಳು ತಪ್ಪಿಹೋದರೂ ನಷ್ಟವಿಲ್ಲ.

ಹಣ ಕೂಡಿಸುವ ಬಗೆಯನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾಗಿಲ್ಲ. ನಾಲ್ವರ ಮನೆಯೊಂದು ತಿಂಗಳಿಗೆ ಏಳುನೂರು ರೂಪಾಯಿಯಂತೆ ಹತ್ತು ತಿಂಗಳು ತೆಗೆದಿಟ್ಟರೆ ಏಳು ಸಾವಿರವಾಗುತ್ತದೆ. ವಾರದ ದಿನವನ್ನು ಆರಿಸಿಕೊಂಡು, ಬಸ್ಸು ರೈಲುಗಳಲ್ಲಿ ಬಂದುಹೋಗುವ ಕುಟುಂಬ ಅಷ್ಟರ ಸುತ್ತಮುತ್ತ ತನ್ನ ಯೋಜನೆಯನ್ನು ಹೂಡಬಹುದು. ನಾನು ಒತ್ತಿ ಹೇಳಬೇಕೆಂದಿರುವುದು, ಈ ಲೆಕ್ಕದ ಕಾಗದವನ್ನು ಮಕ್ಕಳಿಂದ ಬಚ್ಚಿಡಬಾರದೆಂಬುದನ್ನು. ಬಡತನವನ್ನು ಮಕ್ಕಳಿಗೆ ತಿಳಿಯಗೊಡಬಾರದೆಂಬ ವಾತ್ಸಲ್ಯ ಅರ್ಥವಾಗತಕ್ಕದ್ದೇ. ಆದರೆ ಮಕ್ಕಳು ತಿಳಿಯದವರಲ್ಲ. ಹತ್ತು ವರ್ಷದ ಹುಡುಗಿಗೆ ಇಷ್ಟು ಟಿಕೆಟ್ಟಿಗೆ, ಇಷ್ಟು ಊಟಕ್ಕೆ, ಇಷ್ಟು ಆಪತ್ತಿಗೆಂದು ತೋರಿಸಿ, ಉಳಿದ ಇನ್ನೂರು ರೂಪಾಯಿಯಲ್ಲಿ ಐಸ್‌ಕ್ರೀಮೋ ಬೊಂಬೆಯೋ ನೀನೇ ಹೇಳು ಎಂದರೆ, ಅವಳು ಬೊಂಬೆಯ ಅಂಗಡಿಯ ಮುಂದೆ ಅಳುವುದಿಲ್ಲ. ತಾನೇ ಮಾಡಿದ ನಿರ್ಧಾರವನ್ನು ತಾನೇ ಪಾಲಿಸುತ್ತಾಳೆ. ಇಲ್ಲವೆಂಬ ಉತ್ತರವನ್ನು ಬಾಗಿಲಲ್ಲಿ ಹಠಾತ್ತಾಗಿ ಕೇಳಿದಾಗ ಆಗುವ ಅವಮಾನ, ಮನೆಯಲ್ಲಿ ಕೂಡಿ ಯೋಚಿಸಿದಾಗ ಆಗುವುದಿಲ್ಲ. ಹೀಗೆ ಬೆಳೆದ ಮಕ್ಕಳು ಹಣಕ್ಕೆ ಹೆದರದೆಯೂ ಹಣಕ್ಕೆ ಮರುಳಾಗದೆಯೂ ಬಾಳುವುದನ್ನು ಕಲಿಯುತ್ತಾರೆ.

ಕುಟುಂಬಗಳ ಕರ್ತವ್ಯವನ್ನು ಹೇಳಿದ ಮೇಲೆ ಪಾರ್ಕುಗಳನ್ನು ನಡೆಸುವವರ ಕರ್ತವ್ಯವನ್ನೂ ಹೇಳದಿದ್ದರೆ ಅನ್ಯಾಯವಾದೀತು. ತೆರಿಗೆ, ಲಾಕರ್, ಉಡುಪು, ಸಾಧಾರಣ ಊಟ ಇವೆಲ್ಲವೂ ಸೇರಿ ನಾಲ್ವರ ಸಂಸಾರಕ್ಕೆ ಇಡೀ ದಿನಕ್ಕೆ ಎಷ್ಟಾಗುವುದೆಂಬುದನ್ನು ಅವರು ಟಿಕೆಟ್ಟಿನ ದರದ ಪಕ್ಕದಲ್ಲಿಯೇ ಕನ್ನಡದಲ್ಲಿ ಪ್ರಕಟಿಸಲಿ. ಟಿವೋಲಿಯಲ್ಲಿ ಇಂದಿಗೂ ಪ್ರವೇಶಕ್ಕೆ ಬೇರೆ, ಆಟಗಳಿಗೆ ಬೇರೆ ಟಿಕೆಟ್ಟುಗಳಿವೆ. ಅದೇ ರೀತಿ, ಆಟವಾಡದೆ ಜೊತೆಗೆ ಬರುವ ಹಿರಿಯರಿಗಾಗಿ ಅಲ್ಪಬೆಲೆಯ ಪ್ರವೇಶವನ್ನು ನಮ್ಮಲ್ಲಿಯೂ ಏರ್ಪಡಿಸಬಹುದು. ಮನೆಯ ಬುತ್ತಿಯನ್ನು ಬಿಚ್ಚಿ ಉಣ್ಣಲು ಬಾಗಿಲ ಬಳಿ ನೆರಳಿನ ಒಂದು ಚಾವಡಿಯನ್ನು ಕಟ್ಟಿಸಿ, ಊಟ ಮುಗಿಸಿದವರು ಮತ್ತೆ ಒಳಬರಲು ಅವಕಾಶ ಕೊಟ್ಟರೆ ಸಂಸ್ಥೆಗೆ ಆಗುವ ನಷ್ಟಕ್ಕಿಂತ ಜನರ ವಿಶ್ವಾಸದಿಂದ ಆಗುವ ಲಾಭವೇ ಹೆಚ್ಚಾದೀತು. ಸಾರಿಗೆ ಸಂಸ್ಥೆಗಳು ರಜಾಕಾಲದಲ್ಲಿ ಜಿಲ್ಲಾ ಕೇಂದ್ರಗಳಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವ ಸಾಮಾನ್ಯ ದರದ ಬಸ್ಸುಗಳನ್ನು ಓಡಿಸಲಿ.

ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ವರ್ಷ ಹೋಗಲಾಗದಿದ್ದರೆ, ಆಗುವುದಿಲ್ಲವೆಂದು ಹೇಳಿ ಮಾತನ್ನು ಅಲ್ಲಿಗೇ ಮುಗಿಸಬೇಡಿ. ಎಂದು ಹೋಗಬಹುದು, ಅದಕ್ಕೆ ಎಷ್ಟು ಬೇಕು, ಈಗ ಎಷ್ಟಿದೆ ಎಂಬ ಮೂರು ಸಂಗತಿಗಳನ್ನು ಮಕ್ಕಳ ಮುಂದೆಯೇ ಒಂದು ಹಾಳೆಯಲ್ಲಿ ಬರೆಯಿರಿ. ದೂರದ ದೊಡ್ಡ ಪಾರ್ಕು ಎಟುಕದಿದ್ದರೆ, ಕೊಟ್ಟಷ್ಟು ಹಣಕ್ಕೆ ಅಷ್ಟೇ ಆಡಿಬರಬಹುದಾದ ಹತ್ತಿರದ ಜಾತ್ರೆಗೋ ದಸರಾ ವಸ್ತುಪ್ರದರ್ಶನಕ್ಕೋ ಮೊದಲು ಹೋಗಿಬನ್ನಿ. ಸಾಲ ಮಾಡಿ ಮಾತ್ರ ಹೋಗಬೇಡಿ.