ಮುಲಾಮಿನ ಮಾರುಕಟ್ಟೆ ಮತ್ತು ನಮ್ಮ ಯುವಕರು

ಮೊಡವೆ, ತಲೆಹೊಟ್ಟು, ಕೂದಲುದುರುವಿಕೆ, ತೊಡೆಸಂದಿನ ತುರಿಕೆ ಇವೆಲ್ಲ ಗಂಭೀರ ಚರ್ಚೆಗೆ ಯೋಗ್ಯವಾದ ವಿಷಯಗಳಲ್ಲ ಎಂಬ ಭಾವನೆ ನಮ್ಮ ಸಮಾಜದಲ್ಲಿದೆ. ಹುಡುಗರು ಇಂಥದ್ದನ್ನು ಹೇಳಿಕೊಂಡರೆ ಹಿರಿಯರು ‘ವಯಸ್ಸಿನ ದೋಷ’ ಎಂದು ನಕ್ಕು ಸುಮ್ಮನಾಗುತ್ತಾರೆ. ಆರೋಗ್ಯ ಯೋಜನೆಗಳ ಆದ್ಯತೆಯಲ್ಲಿ ಇವಕ್ಕೆ ಸ್ಥಾನ ದೊರೆಯುವುದು ಅಪರೂಪ. ಆದರೆ ಮಾರುಕಟ್ಟೆ ಮಾತ್ರ ಇವನ್ನು ಎಂದೂ ಲಘುವಾಗಿ ಕಂಡಿಲ್ಲ.

ಹೆಣ್ಣುಮಕ್ಕಳನ್ನು ಗುರಿಯಾಗಿಸಿದ ‘ಫೇರ್ ಅಂಡ್ ಲವ್ಲಿ’ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಮೂರು ದಶಕಗಳ ನಂತರ, 2005ರಲ್ಲಿ, ಇಮಾಮಿ ಕಂಪನಿ ಪುರುಷರಿಗೆಂದೇ ‘ಫೇರ್ ಅಂಡ್ ಹ್ಯಾಂಡ್ಸಮ್’ ತಂದಿತು. ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದೆಂದು ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ತನ್ನ ಉತ್ಪನ್ನದ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಪದವೇನೋ ಹೋಯಿತು, ಅದು ಬಿತ್ತಿದ ಕೀಳರಿಮೆ ಹೋಗಿಲ್ಲ. ವಧು ಸಿಗದ ಕೊರಗು ಹೊತ್ತು ಮಂಡ್ಯ ಸೀಮೆಯ ಯುವ ರೈತರು 2023ರ ಫೆಬ್ರುವರಿಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ನಾವು ಕಂಡಿದ್ದೇವೆ. ಅಲ್ಲಿನ ಮುಖ್ಯ ಅಡ್ಡಿ ರೂಪವಲ್ಲ, ವೃತ್ತಿ. ಆದರೂ ವಿವಾಹದ ಪೈಪೋಟಿ ಇಷ್ಟು ತೀವ್ರವಾಗಿರುವಾಗ ಉದುರುವ ಪ್ರತಿ ಕೂದಲೂ ಯುವಕನ ಆತಂಕವನ್ನು ಹೆಚ್ಚಿಸುವುದು ಸಹಜ.

ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಆಯಾಮವಿದೆ. 2011ರ ಜನಗಣತಿಯಂತೆ 9,90,923 ಜನರಿದ್ದ ಈ ಜಿಲ್ಲೆ, 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಗುರುತೇ ಸಿಗದಷ್ಟು ಬದಲಾಗಿದೆ. ಹೊಲದಲ್ಲಿದ್ದ ಹುಡುಗ ಇಂದು ಡಾಬಸ್‌ಪೇಟೆಯ ಕಾರ್ಖಾನೆಯಲ್ಲಿ, ಹೊಸಕೋಟೆಯ ಗೋದಾಮಿನಲ್ಲಿ, ದೊಡ್ಡಬಳ್ಳಾಪುರದ ಮಗ್ಗ ಅಥವಾ ಸಿದ್ಧ ಉಡುಪು ಘಟಕದಲ್ಲಿ ದುಡಿಯುತ್ತಾನೆ. ಗಾಳಿಯಾಡದ ಸಮವಸ್ತ್ರ, ದಿನವಿಡೀ ಬೂಟು, ಬೆವರಿದ ತಲೆಯ ಮೇಲೆ ಹೆಲ್ಮೆಟ್, ನಾಲ್ಕಾರು ಜನ ಹಂಚಿಕೊಳ್ಳುವ ಬಾಡಿಗೆ ಕೋಣೆ: ಹುಳುಕಡ್ಡಿಯಂತಹ ಶಿಲೀಂಧ್ರ ಸೋಂಕು ಹರಡಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ.

ಹುಡುಗನಿಗೆ ತುರಿಕೆ ಆರಂಭವಾದಾಗ ಆತ ಹೋಗುವುದು ವೈದ್ಯರ ಬಳಿಗಲ್ಲ, ಔಷಧ ಅಂಗಡಿಗೆ. ಅಲ್ಲಿ ಸಿಗುವ ಮುಲಾಮುಗಳಲ್ಲಿ ಶಿಲೀಂಧ್ರನಾಶಕ, ಪ್ರತಿಜೀವಕಗಳ ಜೊತೆಗೆ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್‌ನಂತಹ ಪ್ರಬಲ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ತುರಿಕೆ ಶಮನವಾಗುತ್ತದೆ. ಆದರೆ ಸ್ಟಿರಾಯ್ಡ್ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಪ್ರತಿರೋಧವನ್ನೇ ಅಡಗಿಸುತ್ತದೆ. ಸೋಂಕು ಮರೆಯಲ್ಲಿ ಹಬ್ಬಿ, ಮುಲಾಮು ಬಿಟ್ಟೊಡನೆ ಇಮ್ಮಡಿಯಾಗಿ ಮರಳುತ್ತದೆ. ಇದೇ ಬಗೆಯ ಮುಲಾಮನ್ನು ಮೊಡವೆಗೋ ಬಣ್ಣ ತಿಳಿಯಾಗಲೆಂದೋ ಮುಖಕ್ಕೆ ಹಚ್ಚಿದರಂತೂ ಚರ್ಮ ತೆಳುವಾಗಿ, ಕೆಂಪೇರಿ, ಬಿಸಿಲು ತಾಗಿದರೆ ಉರಿಯುವ ಸ್ಥಿತಿಗೆ ಬರುತ್ತದೆ.

ಇದು ಒಬ್ಬನ ಚರ್ಮದ ಪ್ರಶ್ನೆಯಷ್ಟೇ ಅಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ ಕಂಡ ಒಂದು ಶಿಲೀಂಧ್ರಕ್ಕೆ ‘ಟ್ರೈಕೊಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಬಳಸುವ ಟರ್ಬಿನಾಫಿನ್ ಔಷಧಕ್ಕೂ ಇದು ಹಲವೊಮ್ಮೆ ಬಗ್ಗುವುದಿಲ್ಲ. ಸ್ಟಿರಾಯ್ಡ್ ಬೆರೆತ ಮುಲಾಮುಗಳ ಮನಬಂದ ಬಳಕೆ ಇಂತಹ ಸೋಂಕು ಹಬ್ಬಲು ಮುಖ್ಯ ಕಾರಣಗಳಲ್ಲೊಂದು ಎಂದು ಚರ್ಮತಜ್ಞರು ಹೇಳುತ್ತಾರೆ. ಇನ್ನೊಂದು ಅಪಾಯವೂ ಇದೆ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ ಕುಷ್ಠದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಚಿಕಿತ್ಸೆಯಿದ್ದು, ಬೇಗ ಗುರುತಿಸಿದರೆ ಪೂರ್ಣ ಗುಣವಾಗುತ್ತದೆ. ಮುಲಾಮು ಹಚ್ಚುತ್ತಾ ತಿಂಗಳುಗಳನ್ನು ಕಳೆದರೆ ನರಗಳಿಗೆ ಹಾನಿಯಾಗುತ್ತದೆ.

ಕೂದಲಿನ ವಿಷಯದಲ್ಲಿ ಸುಲಿಗೆಯ ಸ್ವರೂಪ ಬೇರೆ. ಇಲ್ಲಿನ ಕೊಳವೆಬಾವಿಗಳ ಗಡಸು ನೀರೇ ಬೋಳುತಲೆಗೆ ಕಾರಣವೆಂದು ಅನೇಕರು ನಂಬಿದ್ದಾರೆ. ಗಡಸು ನೀರು ಕೂದಲನ್ನು ಒರಟಾಗಿಸೀತು. ಆದರೆ ಹಣೆಯ ಇಕ್ಕೆಲಗಳಿಂದ ಹಿಂದೆ ಸರಿಯುವ ಪುರುಷರ ಬೋಳುತನಕ್ಕೆ ಮೂಲ ಅನುವಂಶೀಯತೆ ಮತ್ತು ಹಾರ್ಮೋನು. ಇದಕ್ಕೆ ಪರೀಕ್ಷಿತ ಔಷಧಗಳು ಬೆರಳೆಣಿಕೆಯಷ್ಟೆ. ಅವುಗಳಲ್ಲಿ ಮಿನಾಕ್ಸಿಡಿಲ್ 1988ರಲ್ಲಿಯೂ ಫಿನಾಸ್ಟರೈಡ್ 1997ರಲ್ಲಿಯೂ ಅಮೆರಿಕದಲ್ಲಿ ಅನುಮತಿ ಪಡೆದವು. ಫಲ ಕಾಣಲು ತಿಂಗಳುಗಳೇ ಬೇಕು, ನಿಲ್ಲಿಸಿದರೆ ಫಲವೂ ನಿಲ್ಲುತ್ತದೆ. ಈ ಸತ್ಯವನ್ನು ಹೇಳಿ ತೈಲ ಮಾರಲಾಗದು. ಕೂದಲು ಕಸಿಯನ್ನು ತರಬೇತಾದ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟಪಡಿಸಿತು. ಆದರೂ 2025ರಲ್ಲಿ ಕಾನ್ಪುರದಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರುಗಳು ಮೃತಪಟ್ಟ ವರದಿ ಬಂತು.

ಕಾನೂನಿಗೆ ಕೊರತೆಯಿಲ್ಲ. 1945ರ ಔಷಧ ನಿಯಮಗಳ ‘ಜೆ’ ಪರಿಶಿಷ್ಟವು ಬೋಳುತಲೆಯನ್ನು ಗುಣಪಡಿಸುವ, ಚರ್ಮವನ್ನು ಬೆಳ್ಳಗಾಗಿಸುವ ಭರವಸೆಯನ್ನು ಔಷಧಗಳು ನೀಡಕೂಡದೆನ್ನುತ್ತದೆ. ಹೊರಲೇಪನಕ್ಕೆಂಬ ವಿನಾಯಿತಿಯಡಿ ಚೀಟಿಯಿಲ್ಲದೆ ಬಿಕರಿಯಾಗುತ್ತಿದ್ದ ಸ್ಟಿರಾಯ್ಡ್ ಮುಲಾಮುಗಳನ್ನು 2018ರ ಮಾರ್ಚ್‌ನಲ್ಲಿ ‘ಎಚ್’ ಪರಿಶಿಷ್ಟದ ಹಿಡಿತಕ್ಕೆ ತರಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಿಷೇಧಿಸಲಾದ 328 ಸಂಯೋಜಿತ ಔಷಧಗಳಲ್ಲಿ ಇಂತಹ ಕೆಲವು ಮುಲಾಮುಗಳೂ ಇದ್ದವು. ಇಷ್ಟಾಗಿಯೂ ವೈದ್ಯರ ಚೀಟಿ ಕೇಳದೆ ಮುಲಾಮು ಕೊಡುವ ಅಂಗಡಿಗಳು ಊರೂರಿನಲ್ಲೂ ಇವೆ. ಹೆಬ್ಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗಿದೆ.

ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಷ್ಟು ಹಿಂದೆಯೇ ವೈದ್ಯಕೀಯ ಸೇವೆ ಇತರ ಸರಕುಗಳಂತಲ್ಲ ಎಂದು ವಾದಿಸಿದ್ದರು. ಕೊಳ್ಳುವವನಿಗೆ ಗುಣಮಟ್ಟ ಅಳೆಯುವ ತಿಳಿವಳಿಕೆ ಇರುವುದಿಲ್ಲ, ಮಾರುವವನಿಗೆ ಇರುತ್ತದೆ. ಹೀಗಿರುವಾಗ ಮುಲಾಮು ಕೊಂಡ ಯುವಕನನ್ನು ಅವಿವೇಕಿ ಎನ್ನಲಾಗದು. ಚರ್ಮತಜ್ಞರನ್ನು ಕಾಣಬೇಕಾದರೆ ಅವನು ಒಂದು ದಿನದ ಸಂಬಳ ಬಿಟ್ಟು, ಬಸ್ಸಿಗೆ ಮತ್ತು ಶುಲ್ಕಕ್ಕೆ ಹಣ ತೆತ್ತು ಬೆಂಗಳೂರಿಗೆ ಹೋಗಬೇಕು. ಮುಲಾಮಿನ ಬೆಲೆ ಆ ಸಂಬಳದ ಒಂದು ಅಂಶ ಮಾತ್ರ. ಅವನ ಲೆಕ್ಕಾಚಾರ ಸರಿಯಾಗಿಯೇ ಇದೆ. ಅವನ ಮುಂದಿಟ್ಟಿರುವ ಆಯ್ಕೆಗಳು ಸರಿಯಿಲ್ಲ.

ಆದುದರಿಂದ ಅಂಗಡಿಗಳ ಮೇಲೆ ದಾಳಿ ನಡೆಸಿದರಷ್ಟೇ ಸಾಲದು. ಬಿಗಿ ಕ್ರಮವೊಂದೇ ಬಂದರೆ ಬಡವನಿಗೆ ಇದ್ದ ಒಂದು ದಾರಿಯೂ ಮುಚ್ಚಿ, ಮುಲಾಮು ಕಳ್ಳದಾರಿಯಲ್ಲಿ ದುಬಾರಿಯಾಗುತ್ತದೆ. ಸರಿಯಾದ ಆಯ್ಕೆಯನ್ನು ಅಗ್ಗವಾಗಿಸುವುದೂ ಸರ್ಕಾರದ ಹೊಣೆ. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಸಂಜೆ, ಪಾಳಿ ಮುಗಿಸಿದ ಕಾರ್ಮಿಕರಿಗೂ ಎಟಕುವಂತೆ, ಚರ್ಮ ಚಿಕಿತ್ಸಾಲಯ ನಡೆಯಲಿ. ಕಣ್ಣಿಗೆ ಕಾಣುವ ರೋಗಗಳಿಗೆ ‘ಇ-ಸಂಜೀವಿನಿ’ ದೂರವೈದ್ಯ ಸೇವೆ ಹೇಳಿ ಮಾಡಿಸಿದಂತಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅದನ್ನು ಬಳಸಿಕೊಳ್ಳಲಿ. ಕಾರ್ಖಾನೆಗಳು ಹತ್ತಿಯ ಸಮವಸ್ತ್ರ ಮತ್ತು ಸ್ನಾನದ ವ್ಯವಸ್ಥೆ ಒದಗಿಸಲಿ. ಔಷಧ ನಿಯಂತ್ರಣ ಅಧಿಕಾರಿಗಳು ‘ಎಚ್’ ಪರಿಶಿಷ್ಟದ ಮಾರಾಟವನ್ನು ಆಗಾಗ ತಪಾಸಣೆ ಮಾಡಿ, ಫಲಿತಾಂಶವನ್ನು ತಾಲ್ಲೂಕುವಾರು ಪ್ರಕಟಿಸಲಿ. ಪದವಿಪೂರ್ವ ಕಾಲೇಜುಗಳಲ್ಲಿ ವರ್ಷಕ್ಕೆ ಒಂದು ಗಂಟೆಯನ್ನಾದರೂ ಈ ವಿಷಯಕ್ಕೆ ಮೀಸಲಿಟ್ಟರೆ ಖರ್ಚೇನೂ ಹೆಚ್ಚಾಗದು.

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ಮಹಾನಗರದ ಹೆಸರಿನ ಜೊತೆಗೆ ಮಹಾನಗರದ ವೈದ್ಯಕೀಯ ಸೌಲಭ್ಯವೂ ಬರಬೇಕಲ್ಲವೇ? ಜಿಲ್ಲೆಯ ಭೂಮಿ ಎಕರೆಗೆ ಎಷ್ಟು ಬೆಲೆ ಬಾಳುತ್ತದೆಂಬುದು ಇಂದು ಎಲ್ಲರಿಗೂ ಗೊತ್ತಿದೆ. ಅದರ ಮೇಲೆ ದುಡಿಯುವ ಯುವಕನ ಆರೋಗ್ಯಕ್ಕೂ ಒಂದು ಬೆಲೆಯಿದೆ ಎಂಬುದನ್ನು ಆಡಳಿತ ಈ ಸಣ್ಣ ಕೆಲಸದಿಂದಲಾದರೂ ತೋರಿಸಿಕೊಡಲಿ.