ಓಲೆಯ ಕಟ್ಟಿನಿಂದ ಅಚ್ಚಿನ ಮೊಳೆಗೆ

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಪುಸ್ತಕವೆಂಬುದು ದೊಡ್ಡ ವ್ಯಾಪಾರ. 1755ರಲ್ಲಿ ಹೊರಬಂದ ಜಾನ್ಸನ್ನನ ನಿಘಂಟಿಗೆ ಹಣ ಹೂಡಿದವರು ಅರಸರಲ್ಲ, ಪುಸ್ತಕ ವರ್ತಕರ ಒಂದು ಕೂಟ. ಅದೇ ಕಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಕಡೆ ಗ್ರಂಥವೊಂದು ಬೇಕೆಂದವನು ಎಲ್ಲಿಗೆ ಹೋಗಬೇಕಾಗಿತ್ತು? ಅಂಗಡಿಯೂ ಇರಲಿಲ್ಲ, ಅಚ್ಚುಕೂಟವೂ ಇರಲಿಲ್ಲ. ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ, ಅದೂ ದೂರದ ಬಂಗಾಳದ ಶ್ರೀರಾಮಪುರದಲ್ಲಿ!

ಮಠಕ್ಕೋ ಶಾಸ್ತ್ರಿಗಳ ಮನೆಗೋ ಹೋಗಿ, ಮೂಲಪ್ರತಿಯನ್ನು ಬೇಡಿ ತಂದು, ನಕಲು ಮಾಡಿಸಿಕೊಳ್ಳುವುದೇ ಅಂದಿನ ಪದ್ಧತಿ. ಹದಮಾಡಿದ ತಾಳೆಗರಿಯ ಮೇಲೆ ಲಿಪಿಕಾರನು ಕಬ್ಬಿಣದ ಕಂಠದಿಂದ ಅಕ್ಷರ ಕೊರೆಯುವನು. ಮಸಿ ಸವರಿ ಒರೆಸಿದರೆ ಕೊರೆದ ಗೆರೆಯಲ್ಲಷ್ಟೇ ಕಪ್ಪು ನಿಲ್ಲುವುದು. ಪದಪದಗಳ ನಡುವೆ ತೆರಪಿಲ್ಲ. ಬೆನ್ನು ಬಾಗಿಸಿ ಬರೆದ ಆತ ಕೊನೆಯ ಗರಿಯಲ್ಲಿ ಬೇಡುತ್ತಿದ್ದುದು ಬಹುಶಃ ಇಷ್ಟೇ: ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ಎಣ್ಣೆ ನೀರುಗಳಿಂದ ಗ್ರಂಥವನ್ನು ಕಾಪಾಡಲಿ. ಆದರೂ ಗೆದ್ದಲಿಗೆ ಇಂಥ ಬಿನ್ನಹಗಳು ತಿಳಿಯುವುದುಂಟೆ? ಮರಳಿ ನಕಲಾಗದ ಕೃತಿ ಮೂಕವಾಗಿ ಅಳಿಯುತ್ತಿತ್ತು. ಬಾಗೇವಾಡಿಯ ಬಸವಣ್ಣನವರ ವಚನಗಳೂ ಶತಮಾನಗಳವರೆಗೆ ಈ ತೆಳುವಾದ ದಾರದ ಮೇಲೆಯೇ ತೂಗುತ್ತಿದ್ದವು.

ಆ ದಾರವನ್ನು ಹಿಡಿದವರು ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಇವರು ಊರೂರು ಅಲೆದು, ಮಠದ ಅಟ್ಟಗಳಲ್ಲಿಯೂ ಮನೆಯ ಜಗಲಿಗಳಲ್ಲಿಯೂ ಧೂಳು ಹಿಡಿದಿದ್ದ ಕಟ್ಟುಗಳನ್ನು ಕಲೆಹಾಕಿದರು. ಓದಿ, ಬಿಡಿಸಿ, ಪ್ರತಿಮಾಡಿದ್ದಾಯಿತು. ಅಚ್ಚು ಹಾಕುವವರು ಯಾರು? ಕಿಟೆಲ್ಲರ ನಿಘಂಟನ್ನು 1894ರಲ್ಲಿ ಹೊರತಂದ ಮಂಗಳೂರಿನ ಬಾಸೆಲ್ ಮಿಶನ್ನಿಗೆ ಹಸ್ತಪ್ರತಿ ಕಳುಹಿಸಿದರೆಂದೂ, ಅದು ಬಹುಕಾಲದ ಮೇಲೆ ಹಾಗೆಯೇ ಹಿಂದಿರುಗಿತೆಂದೂ ಹೇಳುತ್ತಾರೆ. ಕಡೆಗೆ 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು.

ಪರರ ಅಚ್ಚುಕೂಟದ ಬಾಗಿಲು ಕಾಯುವುದು ಅವರಿಗೆ ಸಾಕಾಗಿರಬೇಕು. ಇದ್ದ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿಯೇ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆ. ವಚನಗಳ ಹಿಂದೆಯೇ ಹರಿಹರನ ರಗಳೆಗಳೂ ಬೆಳಕಿಗೆ ಬಂದವು. ಲಂಡನ್ನಿನಲ್ಲಿ ಸಂಪಾದಕ, ಮುದ್ರಕ, ವರ್ತಕ ಎಂದು ಹಂಚಿಹೋಗಿದ್ದ ಹೊರೆಯೆಲ್ಲ ಇಲ್ಲಿ ಒಬ್ಬರ ಹೆಗಲೇರಿತು. ಜಾನ್ಸನ್ನನಿಗೆ ಹಣ ಹೂಡುವ ಕೂಟವಿತ್ತು; ಹಳಕಟ್ಟಿಯವರಿಗೆ ಇದ್ದುದು ವಕೀಲಿಯ ಸಂಪಾದನೆ, ಅದೂ ಗ್ರಂಥಗಳಿಗೆ ಕೊಟ್ಟ ಹೊತ್ತಿನಷ್ಟು ಕಡಿಮೆಯಾಗುತ್ತಲೇ ಬಂದಿತು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ತೀರಿಕೊಂಡರು. ಅವರನ್ನು ಕಂಡವರು ನೆನೆಯುವುದು ಆ ಪದವಿಗಳನ್ನಲ್ಲ, ಹರಿದ ಕೋಟು ತೊಟ್ಟು ಹಳೆಯ ಸೈಕಲ್ಲಿನ ಮೇಲೆ ವಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ಮುದುಕರನ್ನು.