ಔರಾದಿನಲ್ಲಿ ಕನ್ನಡ, ಕಲಬುರಗಿಯಲ್ಲಿ ಇಂಗ್ಲಿಷ್: ಇದ್ಯಾವ ನ್ಯಾಯ?



ಔರಾದಿನ ರೈತನೊಬ್ಬ ಹೊಲದ ಬದುವಿನ ತಕರಾರು ಹಿಡಿದು ಕೋರ್ಟಿಗೆ ಹೋದ ಎನ್ನಿ. ಅಲ್ಲಿ ದಾವೆಯೂ ಕನ್ನಡ, ಸಾಕ್ಷಿಯೂ ಕನ್ನಡ. ಸೋತು ಬೀದರಿಗೆ ಮೇಲ್ಮನವಿ ತಂದರೂ ಕನ್ನಡಕ್ಕೆ ಅಡ್ಡಿಯಿಲ್ಲ. ಅಲ್ಲಿಂದ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋದನೋ, ಅವನದೇ ಹೊಲದ ಕಾಗದಪತ್ರ ಇಂಗ್ಲಿಷಿಗೆ ತರ್ಜುಮೆಯಾಗಬೇಕು. ತನ್ನ ಪ್ರಕರಣದ ವಾದ ನಡೆಯುವಾಗ ಅವನು ವಕೀಲರ ಮುಖ ನೋಡುತ್ತ ಕೂರಬೇಕು!

ಅಮೆರಿಕದಲ್ಲಿ ಎರಡು ಬಗೆಯ ಕೋರ್ಟುಗಳಿವೆ. ಒಕ್ಕೂಟದ ಕಾನೂನಿಗೆ ಒಕ್ಕೂಟದ ಕೋರ್ಟು. ರಾಜ್ಯದ ಕಾನೂನಿಗೆ ರಾಜ್ಯದ ಕೋರ್ಟು, ಅದರ ಅರ್ಥ ಹೇಳುವುದರಲ್ಲಿ ರಾಜ್ಯದ್ದೇ ಕೊನೆಯ ಮಾತು. ನಮ್ಮಲ್ಲಿ ಹಾಗಿಲ್ಲ. ಔರಾದ್, ಬೀದರ್, ಕಲಬುರಗಿ, ದಿಲ್ಲಿ, ಎಲ್ಲವೂ ಒಂದೇ ಏಣಿ. ದಿಲ್ಲಿಯ ಕಾನೂನೂ ವಿಧಾನಸೌಧದ ಕಾನೂನೂ ಇದೇ ಏಣಿ ಹತ್ತುತ್ತವೆ. ಇದರಲ್ಲಿ ತಪ್ಪೇನಿಲ್ಲ, ಯಾವ ಕೋರ್ಟಿಗೆ ಹೋಗಬೇಕೆಂದು ಬಡವ ಅಲೆಯುವುದು ತಪ್ಪಿತು. ತಕರಾರು ಇರುವುದು ಏಣಿಯ ನಡುವಿನ ಮೆಟ್ಟಿಲಿನಲ್ಲಿ.

ಹೈಕೋರ್ಟಿನ ಖರ್ಚು ರಾಜ್ಯದ ಬೊಕ್ಕಸದ್ದು. ನ್ಯಾಯಮೂರ್ತಿಗಳ ನೇಮಕ ರಾಷ್ಟ್ರಪತಿಯದು. ಭಾಷೆ ಸಂವಿಧಾನದ 348ನೇ ವಿಧಿಯ ಪ್ರಕಾರ ಇಂಗ್ಲಿಷ್. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯೂ ಕ್ರಿಮಿನಲ್ ಕೋರ್ಟುಗಳ ಭಾಷೆ ನಿರ್ಧರಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟು, ಹೈಕೋರ್ಟನ್ನು ಮಾತ್ರ ಹೊರಗಿಟ್ಟಿದೆ.

ಬಾಗಿಲೇ ಇಲ್ಲವೆಂದಲ್ಲ. ರಾಷ್ಟ್ರಪತಿಯ ಪೂರ್ವಾನುಮತಿ ಪಡೆದು ರಾಜ್ಯಪಾಲರು ರಾಜ್ಯಭಾಷೆಯನ್ನು ಹೈಕೋರ್ಟಿನ ಕಲಾಪಕ್ಕೆ ತರಬಹುದೆಂದು ಅದೇ 348(2) ಹೇಳುತ್ತದೆ. ಆ ಬಾಗಿಲಿನಿಂದ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಿಗೆ ಹಿಂದಿ ಹೋಯಿತು. ಕರ್ನಾಟಕ, ತಮಿಳುನಾಡು, ಗುಜರಾತ್, ಪಶ್ಚಿಮ ಬಂಗಾಳಗಳು ಬಾಗಿಲು ತಟ್ಟಿದಾಗ? 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಪೂರ್ಣ ಸಭೆ ಒಪ್ಪಲಿಲ್ಲ. ಕಥೆ ಮುಗಿಯಿತು!

ಹೊರರಾಜ್ಯದಿಂದ ಬರುವ ನ್ಯಾಯಮೂರ್ತಿಗಳಿಗೆ ಕನ್ನಡ ಬರುವುದಿಲ್ಲ ಎಂಬುದು ಮಾಮೂಲಿ ಸಬೂಬು. ಪಟ್ನಾಕ್ಕೆ ಹೋಗುವ ತಮಿಳು ನ್ಯಾಯಮೂರ್ತಿಗೆ ಹಿಂದಿ ಹುಟ್ಟಿನಿಂದ ಬರುತ್ತದೆಯೇ? ಇನ್ನು, ದೇಶಭಾಷೆಗೆ ಕಾನೂನಿನ ಭಾರ ತಡೆಯದು ಎನ್ನುವವರಿಗೆ ನಮ್ಮ ಬೀದರದ ಚರಿತ್ರೆ ತೋರಿಸಿ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮನ ಕಾಲದ ಹೈಕೋರ್ಟು ಉರ್ದುವಿನಲ್ಲೇ ನಡೆಯುತ್ತಿತ್ತು, ಉಸ್ಮಾನಿಯಾದಲ್ಲಿ ಕಾನೂನನ್ನು ಉರ್ದುವಿನಲ್ಲೇ ಕಲಿಸುತ್ತಿದ್ದರು. ಉರ್ದುವಿಗೆ ಸಾಧ್ಯವಾದದ್ದು ಕನ್ನಡಕ್ಕೆ ಅಸಾಧ್ಯವೇ? ಬೀದರದವರು ಉರ್ದು ಹೈಕೋರ್ಟು ಕಂಡರು, ಇಂಗ್ಲಿಷ್ ಹೈಕೋರ್ಟು ಕಂಡರು. ಕನ್ನಡದ್ದನ್ನು ಇನ್ನೂ ಕಂಡಿಲ್ಲ.

ಒಂದು ಕಾಲಕ್ಕೆ ಹೈಕೋರ್ಟೆಂದರೆ ಸುಮಾರು 700 ಕಿಲೋಮೀಟರ್ ಆಚೆಯ ಬೆಂಗಳೂರು. ಈ ಭಾಗದ ವಕೀಲರು ವರ್ಷಗಟ್ಟಲೆ ಹೋರಾಡಿದ ಮೇಲೆ 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಊರು ಹತ್ತಿರ ಬಂತು, ಭಾಷೆ ಬರಲಿಲ್ಲ.

ನಿಮ್ಮ ಶಾಸಕರು, ಸಂಸದರು ನೌಬಾದಕ್ಕೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: 348(2)ರ ಪ್ರಸ್ತಾವವನ್ನು ಮತ್ತೆ ದಿಲ್ಲಿಗೆ ಕಳಿಸುವುದು ಯಾವಾಗ? ಭಾಲ್ಕಿ, ಔರಾದ್, ಬೀದರಿನ ಕೋರ್ಟುಗಳಲ್ಲಿ ನಿಮ್ಮ ಮನೆಯವರ ಕೇಸಿದ್ದರೆ ವಕೀಲರಿಗೆ ಇವತ್ತೇ ಹೇಳಿ, ಅರ್ಜಿ ಕನ್ನಡದಲ್ಲೇ ಬರೆಯಿರಿ ಎಂದು. ಅದಕ್ಕೆ ಯಾವ ರಾಷ್ಟ್ರಪತಿಯ ಅನುಮತಿಯೂ ಬೇಕಿಲ್ಲ.